ಪುನರ್ಪುಳಿ ಕೆಂಪು

ಕಾಶಪ್ಪ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹೆಣದ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದ. ಬಣ್ಣಗಾರನ ಕೈ ಬರೀ ನೀರಿಗೆ ಬಗ್ಗುವುದಿಲ್ಲ, ಸ್ನಾನ ಮಾಡಿಸುವ ಮೊದಲು ಉಗುರು ಶುದ್ಧ ಮಾಡಬೇಕು ಎಂದು ಬಾಟಲಿಯನ್ನು ಅವನೇ ತಂದಿದ್ದ. ಹೆಬ್ಬೆರಳು ಮುಗಿಸಿ, ತೋರುಬೆರಳು ಮುಗಿಸಿ, ನಡುಬೆರಳಿಗೆ ಬರುವಷ್ಟರಲ್ಲಿ ಅವನ ಕೈ ನಿಂತಿತು. ಬಟ್ಟೆಗೆ ಬಣ್ಣವೇ ಹತ್ತಿರಲಿಲ್ಲ.

"ಅಕ್ಕಾರ, ಮೋನಪ್ಪನ ಉಗುರು ನೋಡ್ರಿ," ಎಂದ. "ಕಾರಕೂನನ ಉಗುರು ಇದ್ದಂಗ ಅದಾವ. ಇಷ್ಟು ವರ್ಷದಾಗ ನಾ ಹಿಂಗ ನೋಡಿಲ್ಲ."

ಗೋಡೆಗೆ ಒರಗಿ ಕುಳಿತಿದ್ದ ಸೇವಂತಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಉಗುರಿನ ಸಂದಿಯಲ್ಲಿ ಕೆಂಪು ಕೂತಿತ್ತು.

"ಹುಷಾರಿಲ್ಲದಾಗ ನಾನೇ ತಿಕ್ಕಿ ತೊಳೀತಿದ್ದೆ, ಕಾಶಪ್ಪಣ್ಣ," ಎಂದಳು. ಗಂಡ ಸತ್ತ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತೇ ಸುಳ್ಳಾಯಿತು. ಅದಕ್ಕಾಗಿ ಅವಳಿಗೆ ಅಳು ಬಂತು. ಬೆಳಗಿನಿಂದ ಬಾರದ ಅಳು ಈಗ ಬಂದದ್ದನ್ನು ಕಂಡು ಪಕ್ಕದ ಖೋಲಿಯ ರುದ್ರವ್ವ, "ಅಳು, ತಂಗಿ, ಅತ್ತು ಹಗುರಾಗು," ಎಂದು ಬೆನ್ನು ಸವರಿದಳು.

ಧಾರಾವಿಯ ಆ ಚಾಳಿನಲ್ಲಿ ಅವರದು ಕೊನೆಯ ಖೋಲಿ, ಉತ್ತರದ ಬಾಗಿಲು. ಬಾಂದ್ರಾದ ಬೆಹ್ರಾಮ್ ಶೇಠರು ತಮ್ಮ ಅಂಗಡಿಯ ಬಣ್ಣಗಾರನಿಗೆಂದು ಹಿಡಿದುಕೊಟ್ಟ ಜಾಗ ಅದು. ಬಣ್ಣ ನೋಡುವವನಿಗೆ ಉತ್ತರದ ಬೆಳಕೇ ಆಗಬೇಕು ಎಂದು ಮೋನಪ್ಪ ಹಟ ಹಿಡಿದು ಅದನ್ನೇ ಪಡೆದಿದ್ದ. ಶೇಠರ ವ್ಯಾಪಾರ ಹಳೆಯ ಆಟದ ರೈಲುಗಳದ್ದು. ಬಿಳಿಯರು ದೇಶ ಬಿಡುವಾಗ ಮಾರಿ ಹೋದವು, ಬಂಗಲೆಗಳ ಅಟ್ಟದಲ್ಲಿ ತುಕ್ಕು ತಿಂದವು, ಕೀಲಿ ಕೊಟ್ಟರೆ ಓಡುವ ಜರ್ಮನಿಯ ತಗಡಿನ ಗಾಡಿಗಳು. ವಿಲಾಯತಿಯಿಂದ ಹೊಸದನ್ನು ತರಿಸಲು ಸರ್ಕಾರ ಬಿಡುತ್ತಿರಲಿಲ್ಲವಾದ್ದರಿಂದ ಹಳೆಯದಕ್ಕೇ ಗಿರಾಕಿ. ಕಾಶಪ್ಪ ತಗಡಿನ ಡೊಂಕು ತೆಗೆದು ಬೆಸೆಯುತ್ತಿದ್ದ. ಬಣ್ಣ ಹೋದಲ್ಲಿ ಮೋನಪ್ಪ ಬಣ್ಣ ತುಂಬುತ್ತಿದ್ದ. ಹೊಸ ಬಣ್ಣವನ್ನು ಯಾರು ಬೇಕಾದರೂ ಬಳಿದಾರು. ಬಿಸಿಲು, ಹೊಗೆ, ಮಕ್ಕಳ ಬೆವರುಗೈ ಎಲ್ಲವನ್ನೂ ಕಂಡು ಮಾಸಿದ ಕೆಂಪಿನ ಪಕ್ಕದಲ್ಲಿ ಅಷ್ಟೇ ಮಾಸಿದ ಕೆಂಪನ್ನು ಕೂರಿಸಬೇಕು. ಕೆಲಸ ಕಣ್ಣಿಗೆ ಬಿತ್ತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

"ಕಣ್ಣಂದ್ರ ಅವನ ಕಣ್ಣವ್ವಾ," ಎಂದು ಕಾಶಪ್ಪ ಬಾಗಿಲಲ್ಲಿ ನೆರೆದವರಿಗೆ ಹೇಳುತ್ತಿದ್ದ. "ಹ್ವಾದ ವರ್ಷ ಒಂದು ನೀಲಿ ಇಂಜಿನ್ ಬಂದಿತ್ತು. ಅರ್ಧಕ್ಕರ್ಧ ಬಣ್ಣ ಹೋಗಿತ್ತು. ಇವ ಮಾಡಿಕೊಟ್ಟ ಮ್ಯಾಗ ಶೇಠ್‌ಜಿ ಭೂತಗನ್ನಡಿ ಹಿಡಿದು ನೋಡಿದ್ರು, ಎಲ್ಲಿ ಕೈ ಆಡಿಸ್ಯಾನಂತ ಸಿಗಲಿಲ್ಲ. ದೇವರು ಅವನ ಕಣ್ಣಾಗ ಕುಂತಿದ್ದ."

"ಆ ದಾರೂ ಒಂದು ಕುಡೀದೇ ಇದ್ದಿದ್ರ..." ಎಂದು ರುದ್ರವ್ವ ದನಿ ಇಳಿಸಿದಳು. "ಸರ್ಕಾರ ಬಂದ್ ಮಾಡಿದ್ರೂ ಹೆಂಗ ಸಿಗತದೋ ಏನೋ. ಹೊಟ್ಟಿ ಎಲ್ಲಾ ಸುಟ್ಟು ಹಾಕಿತು."

ಸೇವಂತಿ ಇದನ್ನೂ ಕೇಳಿಸಿಕೊಂಡಳು. ಗಂಡ ಜನ್ಮದಲ್ಲಿ ಒಂದು ತೊಟ್ಟು ಸಾರಾಯಿ ಮುಟ್ಟಿದವನಲ್ಲ. ಆ ನೀಲಿ ಇಂಜಿನ್ನನ್ನು ಅವನು ನೋಡಿಯೂ ಇರಲಿಲ್ಲ.

*

ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಮೋನಪ್ಪ ಬಾಗಿಲಲ್ಲಿ ಕುಳಿತು ಬೇರೊಂದು ಪುಟ್ಟ ಇಂಜಿನ್ನಿಗೆ ಬಣ್ಣದ ಚುಕ್ಕೆಯಿಟ್ಟು ಒಣಗಲು ಕಾಯುತ್ತಿದ್ದ. ಅದು ಅವನ ಕ್ರಮ. ಒದ್ದೆ ಬಣ್ಣ ಸುಳ್ಳು ಹೇಳುತ್ತದೆ, ಒಣಗಿದಾಗ ಒಂದು ಛಾಯೆ ಕಪ್ಪಾಗುತ್ತದೆ. ಹಳೆಯ ಬಣ್ಣದ ಮೇಲಿಟ್ಟ ಚುಕ್ಕೆ ಒಣಗಿ ಕಾಣದಾದರೆ ಮಾತ್ರ ಬಣ್ಣ ಕೂಡಿತು ಎಂದರ್ಥ.

ಚಹಾ ಕೊಡಲು ಬಂದ ಸೇವಂತಿ ನಕ್ಕುಬಿಟ್ಟಳು. "ಎಂತದು ಇದು? ನೀಲಿ ಇಂಜಿನ್ನಿಗೆ ಹಸುರು ಬೊಟ್ಟು ಇಟ್ಟು ಕೂತಿದ್ದೀರಲ್ಲ, ದೃಷ್ಟಿಗಾ?"

ಮೋನಪ್ಪ ಅವಳತ್ತ ನೋಡಿದ. ಇಂಜಿನ್ನನ್ನು ಬೆಳಕಿಗೆ ಹಿಡಿದ. ಮತ್ತೆ ಅವಳತ್ತ ನೋಡಿದ. ಅವನ ಮುಖ ಕಂಡ ಮೇಲೆ ಅವಳ ನಗು ಅಲ್ಲೇ ಒಣಗಿತು. ಕಣ್ಣಿಗೆ ಪೊರೆ ಬರುತ್ತಿತ್ತು. ಜಗತ್ತೆಲ್ಲ ಅವನಿಗೆ ಹಳದಿ ಗಾಜಿನಾಚೆ ಕಾಣಲು ತೊಡಗಿ ಎಷ್ಟು ಕಾಲವಾಗಿತ್ತೋ, ತನಗೇ ಗೊತ್ತಿಲ್ಲದೆ ಬಾಳಿದ್ದ.

"ಪೊರೆ ತೆಗೆಸುವ," ಎಂದಳು ಸೇವಂತಿ.

"ತೆಗೆದ ಮೇಲೆ ದಪ್ಪ ಕನ್ನಡಕ ಹಾಕಿ ಬಾಂದ್ರಾಕ್ಕೆ ಹೋಗಿ ನಿಂತರೆ ಶೇಠ್ ನನ್ನ ಕೈಗೆ ರೈಲು ಕೊಡ್ತಾರಾ? ಊರಿಗೆಲ್ಲ ನನ್ನ ಕಣ್ಣು ಅಂತ ಹೇಳಿಕೊಂಡು ತಿರುಗ್ತಾರೆ. ನೀನು ಹೇಳು, ಇದು ಯಾವ ನೀಲಿ?"

ಯಾವ ನೀಲಿ ಎಂದು ಹೇಳಲು ಅವಳಿಗೆ ಅವನ ಕಸುಬಿನ ಮಾತು ಬರುತ್ತಿರಲಿಲ್ಲ. ಅಡುಗೆಮನೆಯ ಮಾತು ಬರುತ್ತಿತ್ತು. ಬಸಳೆ ಬೇಯುವ ಮೊದಲಿನ ಹಸುರು, ಬೆಂದ ಮೇಲಿನ ಹಸುರು. ಕುಚ್ಚಲಕ್ಕಿ ಗಂಜಿಯ ತಿಳಿ. ಬಾಣಲೆಯ ತಳದ ಕಪ್ಪು, ಬಾವಿಹಗ್ಗದ ಕಂದು. ಅವಳು ಹೇಳುವುದು, ಅವನು ಕಣ್ಣು ಮುಚ್ಚಿ ಊರಿನ ಆ ಬಣ್ಣವನ್ನು ನೆನಪಿಗೆ ತಂದುಕೊಂಡು ಬಣ್ಣದ ಡಬ್ಬಿಗಳಿಂದ ಬೆರೆಸುವುದು. ಇಬ್ಬರೂ ಒಂದೇ ಹೊಳೆಯ ನೀರು ಕುಡಿದವರಾದ್ದರಿಂದ ಲೆಕ್ಕ ತಪ್ಪುತ್ತಿರಲಿಲ್ಲ.

ಒಮ್ಮೆ ಮಾತ್ರ ತಪ್ಪಿತು. ಒಂದು ರೈಲುಡಬ್ಬಿಯ ಕೆಂಪನ್ನು ನೋಡಿ ಅವಳು "ಪುನರ್ಪುಳಿ" ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಮರದಿಂದ ಆಗಷ್ಟೇ ಕೊಯ್ದ ಕೆಂಪು ಹುಳಿಹಣ್ಣು. ಅವನು ತಿಳಿದದ್ದು ಬಿಸಿಲಿಗೆ ಒಣಗಿಸಿ ಭರಣಿಯಲ್ಲಿಟ್ಟು ಕಪ್ಪಾದ ಸಿಪ್ಪೆ. ಅವಳು ಬೆಳೆದ ಮನೆಯಲ್ಲಿ ಹಣ್ಣಿನ ಮರವಿತ್ತು, ಇವನ ಮನೆಗೆ ಸಿಪ್ಪೆ ಸಂತೆಯಿಂದ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಒಣಗಿದ್ದನ್ನು ಅವಳು ನೋಡುವ ಮೊದಲೇ ಡಬ್ಬಿ ಮೈಮೇಲೆ ಕಪ್ಪು ಹುಣ್ಣೆದ್ದಂತೆ ಅಂಗಡಿಗೆ ಹೋಯಿತು. ಶೇಠರು ಎಲ್ಲರ ಎದುರಿಗೆ ಅದನ್ನು ಮೇಜಿನ ಮೇಲೆ ಕುಕ್ಕಿ, ಕುಡಿದು ಮಾಡಿದ್ದೀಯಾ ಎಂದು ಕೇಳಿದರು.

"ಹೌದು ಅಂದೆ," ಎಂದು ಮನೆಗೆ ಬಂದ ಮೋನಪ್ಪ ಹೇಳಿದ.

"ಅಯ್ಯೋ, ಹಾಗೆ ಯಾಕೆ ಹೇಳಿದ್ರಿ?"

"ಕುಡುಕನಿಗೆ ನಾಳೆ ಅಮಲು ಇಳೀತದೆ ಮಾರಾಯ್ತಿ. ಕುರುಡನಿಗೆ ಎಂತ ಇಳೀತದೆ?"

ಅಂದಿನಿಂದ ಅವನು ಕುಡುಕನೆಂಬ ಹೆಸರನ್ನು ಕೋಟಿನ ಹಾಗೆ ತೊಟ್ಟುಕೊಂಡ. ಆ ದಿನ ಸೇವಂತಿಗೆ ಅವನ ಮೇಲೆ ಬಂದಷ್ಟು ಸಿಟ್ಟು ಮತ್ತೆಂದೂ ಬರಲಿಲ್ಲ.

*

ಚೆಂಬೂರಿನ ಹೋಟೆಲಿನಿಂದ ಮೋನಪ್ಪನ ಅಕ್ಕನ ಮಗ ಚೆನ್ನಯ ಬಂದ. ಅವರದು ಅಳಿಯಕಟ್ಟಾದ್ದರಿಂದ ಅಕ್ಕನ ಮಗನಾದ ಅವನೇ ಕೊಳ್ಳಿ ಇಡಬೇಕಾದವನು. ಮಾವನ ಬಾಯಿಗೆ ತುಳಸಿಯ ನೀರು ಬಿಟ್ಟು, ಅತ್ತು, ಕಣ್ಣೊರೆಸಿಕೊಂಡು ಸೇವಂತಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಮಾಮಿ, ಕೆಲಸ ಎಲ್ಲ ಮುಗಿದ ಮೇಲೆ ನಾನೇ ಊರಿನ ಹಡಗು ಹತ್ತಿಸ್ತೇನೆ. ನಿಮ್ಮ ಅಕ್ಕನ ಮನೆ ಉಂಟಲ್ಲ. ಇಲ್ಲಿ ಒಬ್ಬರೇ ಎಂತ ಮಾಡ್ತೀರಿ?"

ಅಕ್ಕನ ಮನೆ ಇತ್ತು. ಮದುವೆಗೆ ಮುಂಚೆ ಸೇವಂತಿ ಆ ಮನೆಯ ಒಲೆಬದಿಯಲ್ಲೇ ಬೆಳೆದವಳು. ಯಾರು ಕರೆದರೂ ಏಳಬೇಕು, ಎಲ್ಲರದಾದ ಮೇಲೆ ಉಣ್ಣಬೇಕು. ಈಗ ಬೋಳು ಕೈಯಲ್ಲಿ ಅಲ್ಲಿಗೇ ಹೋಗಿ ಸಾಯುವ ತನಕ ಅದನ್ನೇ ಮಾಡಬೇಕು.

"ಸ್ವಲ್ಪ ಚಾ ಮಾಡ್ಲಾ ನಿನಗೆ?" ಎಂದಳು.

"ಹುಚ್ಚಿ, ಹೆಣ ಮನ್ಯಾಗ ಇರೂತನಕ ಒಲಿ ಹಚ್ಚಬಾರದು," ಎಂದು ರುದ್ರವ್ವ ಗದರಿದಳು.

ಅಷ್ಟರಲ್ಲಿ ಗಲ್ಲಿಯ ಗಲಾಟೆ ತಟ್ಟನೆ ನಿಂತಿತು. ಬೆಹ್ರಾಮ್ ಶೇಠರು ಬಂದಿದ್ದರು. ಕಾರನ್ನು ರಸ್ತೆಯಲ್ಲೇ ಬಿಟ್ಟು, ಮೂಗಿಗೆ ಕರವಸ್ತ್ರ ಹಿಡಿದು, ಚರಂಡಿ ದಾಟಿ ಬಂದಿದ್ದರು. ಹೆಣದ ಕಾಲ ಬಳಿ ತಲೆ ತಗ್ಗಿಸಿ ನಿಂತರು. ಅವರ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಆಮೇಲೆ ಕಾಶಪ್ಪನ ಕಿವಿಯಲ್ಲಿ ಏನೋ ಹೇಳಿದರು.

"ಅಕ್ಕಾರ," ಎಂದ ಕಾಶಪ್ಪ ಸಂಕೋಚದಿಂದ, "ಮೋನಪ್ಪಗ ಕೊಟ್ಟಿದ್ದ ಕೆಂಪು ರೈಲು ಡಬ್ಬಿ ಕೇಳ್ತಾರ. ಗಿರಾಕಿ ಮಂದಿ ನಾಳೆ ವಿಲಾಯತಿಗೆ ಹೊಂಟಾರ. ಆದಷ್ಟು ಆಗಲಿ, ಕೊಡ್ರಿ ಅಂತಾರ."

ಸೇವಂತಿ ಎದ್ದು ಹಲಗೆಯ ಮೇಲಿಂದ, ಬಟ್ಟೆ ಹೊದಿಸಿದ್ದ ಡಬ್ಬಿಯನ್ನು ತೆಗೆದುಕೊಟ್ಟಳು. ಅಂಗೈಗಿಂತ ತುಸು ಉದ್ದದ ಪ್ರಯಾಣಿಕರ ಡಬ್ಬಿ. ಒಂದು ಮಗ್ಗುಲು ಮುಗಿದಿತ್ತು. ಇನ್ನೊಂದು ಮಗ್ಗುಲಲ್ಲಿ ಕಿಟಕಿಗಳ ಕೆಳಗೆ ಬಣ್ಣ ಹೋಗಿ ಬರಿಯ ತಗಡು ಕಾಣುತ್ತಿತ್ತು. ಶೇಠರು ಮುಗಿದ ಮಗ್ಗುಲನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿದರು.

"ದೇಖೋ," ಎಂದರು ಎಲ್ಲರಿಗೂ. "ಮೋನಪ್ಪ ಕಾ ಆಖ್ರಿ ಕಾಮ್. ಐಸಾ ಆಂಖ್ ಫಿರ್ ನಹೀ ಮಿಲೇಗಾ."

ಅಂಥ ಕಣ್ಣು ಮತ್ತೆ ಸಿಗದು ಎಂಬಂತೆ ಬಾಗಿಲಲ್ಲಿ ನಿಂತವರು ತಲೆಯಾಡಿಸಿದರು. ಕಾಶಪ್ಪ ಬಿಕ್ಕಿದ. ಶೇಠರು ಚೆನ್ನಯನನ್ನು ಬದಿಗೆ ಕರೆದು, ಇನ್ನು ಬಣ್ಣದ ಕೆಲಸವನ್ನೇ ನಿಲ್ಲಿಸುತ್ತೇನೆ, ಮಾಡುವವರಿಲ್ಲ, ಮೋನಪ್ಪನ ಹೆಂಡತಿ ಊರಿಗೆ ಹೋದ ಮೇಲೆ ಖೋಲಿಯ ಬೀಗದಕೈ ತಂದುಕೊಡು, ಅವಸರವಿಲ್ಲ ಎಂದು ಬಹಳ ಮೆತ್ತಗೆ ಹೇಳಿದರು. ಅವರು ಒಳ್ಳೆಯ ಮನುಷ್ಯರೇ. ಅವಸರವಿಲ್ಲ ಎಂದದ್ದು ಸೇವಂತಿಗೂ ಕೇಳಿಸಿತು.

ಆ ಮಗ್ಗುಲು ತನ್ನದು ಎಂಬ ಮಾತು ಅವಳ ನಾಲಗೆಯ ತುದಿಯವರೆಗೆ ಬಂತು. ಚಟ್ಟದ ಬಿದಿರು ಒಳಗೆ ಬಂತು. ಅವಳು ಸರಿದು ದಾರಿ ಬಿಟ್ಟಳು.

*

ಕೈ ಬಿದ್ದದ್ದು ಕಣ್ಣು ಹೋದ ಮೇಲೆ. ಮೊದಲು ಹೊಟ್ಟೆನೋವು, ಗಂಟು ಹಾಕಿ ಹಿಂಡಿದಂತೆ. ಆಮೇಲೆ ಒಂದು ದಿನ ಮೋನಪ್ಪನ ಬಲಮುಂಗೈ ಬಾಡಿದ ಸೊಪ್ಪಿನ ಹಾಗೆ ಜೋತುಬಿತ್ತು, ಮತ್ತೆ ಏಳಲಿಲ್ಲ. ಆಸ್ಪತ್ರೆಯ ಡಾಕ್ಟರು ಅವನ ಒಸಡಿನ ನೀಲಿಗೆರೆ ನೋಡಿ, ಬಣ್ಣದೊಳಗಿನ ಸೀಸ ಮೈಗೆ ಏರಿದೆ ಎಂದರು. ಬ್ರಶ್ಶಿನ ತುದಿಯನ್ನು ಹೇಗೆ ಚೂಪು ಮಾಡುತ್ತೀಯ ಎಂದು ಕೇಳಿದರು. ಮೋನಪ್ಪ ತುಟಿ ತೋರಿಸಿದ. ಬೋರ್ಡು ಬರೆಯುವ ಹುಡುಗನಾಗಿದ್ದಾಗಿನಿಂದ ಅವನು ಬ್ರಶ್ಶನ್ನು ಬಾಯಲ್ಲೇ ಎಳೆದು ಚೂಪು ಮಾಡಿದವನು. ಅವನ ಗುರುವೂ ಹಾಗೇ ಮಾಡುತ್ತಿದ್ದ. ಗುರು ಹೇಗೆ ಸತ್ತ ಎಂದು ಇವನು ಯಾರನ್ನೂ ಕೇಳಿರಲಿಲ್ಲ.

ಕೈಯೂ ಸೇವಂತಿಯದೇ ಆಯಿತು. ಅವನು ಚಾಪೆಯ ಮೇಲೆ ಮಲಗಿ ಹೇಳುವುದು, ಅವಳು ಬಾಗಿಲಲ್ಲಿ ಕುಳಿತು ಹಚ್ಚುವುದು. ಬರಬರುತ್ತ ಅವನು ಹೇಳುವುದೂ ಬೇಕಾಗಲಿಲ್ಲ. ಅದು ಗೊತ್ತಾದ ದಿನ ಅವನು ಗೋಡೆಯ ಕಡೆ ತಿರುಗಿ ಮಲಗಿದ.

"ಸೇವಂತಿ, ಒಂದು ಮಾತು ನಡೆಸಿಕೊಡು. ನಾನು ಇರುವವರೆಗೆ ಇದು ಯಾರಿಗೂ ಗೊತ್ತಾಗುವುದು ಬೇಡ."

"ಆಯಿತು," ಎಂದಿದ್ದಳು. "ನೀವು ಇರುವವರೆಗೆ ಇಲ್ಲ."

*

ಚೆನ್ನಯ ಬೆಂಕಿಯ ಮಡಕೆ ಹಿಡಿದು ಮುಂದಾದ. ನಾಲ್ವರು ಹೆಗಲು ಕೊಟ್ಟರು. ಕಾಶಪ್ಪ ತಲೆಯ ಕಡೆ ಬಲಗಡೆಗೆ. ಹೊಸ್ತಿಲು ದಾಟುವಾಗ ಹೆಣದ ಬಲಗೈ ಹೊದಿಕೆಯಿಂದ ಜಾರಿ ಜೋತಾಡಿತು. ಯಾರೋ ಎತ್ತಿ ಒಳಗೆ ತುರುಕಿದರು. ಸೇವಂತಿ ಬಾಗಿಲಲ್ಲಿ ನಿಂತು ನೋಡಿದಳು. ಇರುವವರೆಗೆ ಎಂದರೆ ಮನೆಯಲ್ಲಿ ಇರುವವರೆಗೆ, ಎಂದು ಅವಳ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು, ಮನೆಯಲ್ಲಿ ಇರುವವರೆಗೆ. ಹೆಣ ಗಲ್ಲಿಯ ತಿರುವಿನಲ್ಲಿ ಮರೆಯಾಯಿತು. ಗಂಡಸರ ಹಿಂದೆ ಒಂದಷ್ಟು ದೂರ ಹೋಗಿ ನಿಂತಿದ್ದ ಶೇಠರು ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಕಾರಿನತ್ತ ಹೊರಟರು.

"ಶೇಠ್‌ಜಿ, ರುಕೋ!"

ತನ್ನ ದನಿಗೆ ತಾನೇ ಬೆಚ್ಚಿದಳು. ಹೊಸ್ತಿಲು ದಾಟಿ ಗಲ್ಲಿಗೆ ಇಳಿದುಬಿಟ್ಟಿದ್ದಳು. ರುದ್ರವ್ವ ರಟ್ಟೆ ಹಿಡಿದು ಎಳೆದಳು. ಸೇವಂತಿ ಕೊಸರಿಕೊಂಡು, ಸೆರಗಿನೊಳಗಿಂದ ಎರಡೂ ಕೈ ತೆಗೆದು ಶೇಠರ ಮುಂದೆ ಚಾಚಿದಳು. ಉಗುರುಗಳಲ್ಲಿ ಕೆಂಪು. ಬೆಳಿಗ್ಗೆ ಬಳೆ ಒಡೆದಾಗ ಕೊರೆದ ಗಾಯದಲ್ಲೂ ಕೆಂಪು.

"ಮೈ ಕಿಯಾ," ಎಂದಳು ತನ್ನ ಹರಕು ಹಿಂದಿಯಲ್ಲಿ. "ತೀನ್ ಸಾಲ್ ಸಬ್ ಮೈ ದೇಖಾ. ಉನಕೋ ದಿಖತಾ ನಹೀ ಥಾ."

ಮೂರು ವರ್ಷ ಎಲ್ಲ ನೋಡಿ ಮಾಡಿದವಳು ಅವಳೇ, ಗಂಡನಿಗೆ ಕಾಣುತ್ತಿರಲಿಲ್ಲ ಎಂದು ಕೇಳಿ ಗಲ್ಲಿಯ ಹೆಂಗಸರೆಲ್ಲ ನಿಂತಲ್ಲೇ ನಿಂತರು.

"ಅಂಧಾ ಥಾ? ಮೋನಪ್ಪ?" ಶೇಠರ ಮುಖ ಕಿವುಚಿಕೊಂಡಿತು. ಮೋಸ ಹೋದವರ ಮುಖವದು. ಆಮೇಲೆ ಕರುಣೆ ಬಂತು, ಅದು ಇನ್ನೂ ಕೆಟ್ಟದಾಗಿತ್ತು. ಪಾಪ, ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ, ಒಳಗೆ ಕರೆದುಕೊಂಡು ಹೋಗಿ ಎಂದು ರುದ್ರವ್ವನಿಗೆ ಸನ್ನೆ ಮಾಡಿದರು.

"ಹೆಣ ಇನ್ನಾ ಸಾಯನ್ ಸುಡುಗಾಡ ಮುಟ್ಟಿಲ್ಲ, ಗಂಡನ ಮರ್ಯಾದಿ ತೆಗೀತಿಯಾ?" ಎಂದಳು ರುದ್ರವ್ವ. ಅವಳ ದನಿಯಲ್ಲಿ ನಿಜವಾದ ಅಸಹ್ಯವಿತ್ತು. "ಕುಡುಕ ಅಂತ ನಾವಂದ್ವಿ. ಕುರುಡ ಅಂತ ನೀ ಅಂದಿ."

ಅದು ಸೇವಂತಿಯ ಎದೆಗೇ ನಾಟಿತು. ಆದರೂ ಅವಳು ಶೇಠರ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡೇಬಿಟ್ಟಳು.

ಹೆಣ ಮಲಗಿದ್ದ ಜಾಗ ಇನ್ನೂ ತೊಳೆದಿರಲಿಲ್ಲ. ಅದರಾಚೆ, ಬಾಗಿಲ ಬೆಳಕಿನಲ್ಲಿ, ಹಲಗೆ ಎಳೆದು ಕುಳಿತಳು. ಕೆಂಪು ತೆಗೆದಳು, ಕಡ್ಡಿಯ ತುದಿಯಷ್ಟು ಕಪ್ಪು, ಅದಕ್ಕಿಂತ ಕಡಿಮೆ ಹಳದಿ. ಬೇಗ ಒಣಗಲೆಂದು ಟರ್ಪೆಂಟೈನ್ ಜಾಸ್ತಿ. ಕೊಯ್ದ ಹಣ್ಣಲ್ಲ, ಭರಣಿಯ ಸಿಪ್ಪೆಯಲ್ಲ. ಅಂಗಳದಲ್ಲಿ ಎರಡು ದಿನದ ಬಿಸಿಲು ಕಂಡ ಪುನರ್ಪುಳಿ. ಯಾರಿಗೂ ಈಗ ಅದನ್ನು ಹೇಳಬೇಕಾಗಿರಲಿಲ್ಲ. ಹೇಳಿದರೆ ಅರ್ಥವಾಗುವವನೂ ಇರಲಿಲ್ಲ. ಬ್ರಶ್ಶಿನ ಕೂದಲು ಕವಲೊಡೆದಿತ್ತು. ಅವಳು ಅದನ್ನು ತುಟಿಗಳ ನಡುವೆ ಇಟ್ಟು ಎಳೆದು ಚೂಪು ಮಾಡಿದಳು. ಡಾಕ್ಟರು ಹೇಳಿದ್ದು ನೆನಪಿರಲಿಲ್ಲವೆಂದಲ್ಲ, ಚೆನ್ನಾಗಿ ನೆನಪಿತ್ತು. ಬೇರೆ ರೀತಿಯಲ್ಲಿ ಚೂಪು ಮಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹಳೆಯ ಬಣ್ಣದ ಮೇಲೆ ಒಂದು ಚುಕ್ಕೆ ಇಟ್ಟಳು.

ಎಲ್ಲರೂ ಕಾದರು. ರುದ್ರವ್ವ ನೆಲ ತೊಳೆಯುವ ನೀರಿನ ಕೊಡ ಹಿಡಿದು ಕಾದಳು. ಶೇಠರು ಗಡಿಯಾರ ನೋಡಿ, ಮತ್ತೆ ನೋಡಿ, ಕಾದರು. ಚುಕ್ಕೆ ಒದ್ದೆಯಿದ್ದಾಗ ಕುಂಕುಮದ ಹಾಗೆ ಎದ್ದು ಕಾಣುತ್ತಿತ್ತು. ನಿಧಾನವಾಗಿ ಮಂಕಾಯಿತು. ಸೇವಂತಿ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು.

ಶೇಠರು ಬೆಳಕಿಗೆ ಹಿಡಿದರು. ವಾಲಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು.

"ಕಿಧರ್ ಲಗಾಯಾ?" ಎಂದರು ಕೊನೆಗೆ.

ಎಲ್ಲಿ ಹಚ್ಚಿದ್ದೆಂದು ಸೇವಂತಿ ತೋರಿಸಲಿಲ್ಲ. ಗೆದ್ದೆನೆಂಬ ಸಂತೋಷ ಅವಳಿಗೆ ಆಗಲೂ ಇಲ್ಲ. ಗಲ್ಲಿಯಲ್ಲಿ ಆಗಲೇ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು, ಯಾರೋ ಕಿಸಕ್ಕೆಂದದ್ದೂ ಕೇಳಿಸಿತು. ಗಂಡಸರು ಸ್ಮಶಾನದಿಂದ ಮರಳುವಷ್ಟರಲ್ಲಿ ಕಾಶಪ್ಪನ ಕಿವಿಗೂ ಮುಟ್ಟುತ್ತದೆ. ಹೆಗಲು ಕೊಟ್ಟವನು ಬಂದು ಏನು ಕೇಳಿಯಾನು ಎಂದು ನೆನೆದರೆ ಅವಳಿಗೆ ತಲೆ ಎತ್ತಲು ಆಗಲಿಲ್ಲ.

ಶೇಠರು ಯೋಚಿಸಿ ಮಾತಾಡಿದರು. ಖೋಲಿ ಇರಲಿ. ಕೆಲಸ ಇರಲಿ. ಆದರೆ ಅಂಗಡಿಯಲ್ಲಿ ಹೆಸರು ಮೋನಪ್ಪನದೇ ಇರುತ್ತದೆ. ಗಿರಾಕಿಗಳು ಕೇಳಿಕೊಂಡು ಬರುವುದು ಆ ಹೆಸರನ್ನು. ಅವನು ಸತ್ತದ್ದನ್ನು ಬಾಂದ್ರಾದಲ್ಲಿ ಯಾರಿಗೂ ಹೇಳುವುದು ಬೇಡ. ಈ ಮಗ್ಗುಲು ಈಗಲೇ ಮುಗಿಯಬೇಕು, ತಾನು ಕಾರಿನಲ್ಲಿ ಕಾಯುತ್ತೇನೆ. "ಠೀಕ್ ಹೈ?" ಎಂದು ಕೇಳಿದರು.

"ಠೀಕ್," ಎಂದಳು.

ಬರಿಯ ತಗಡಿನ ಮೇಲೆ ಬಣ್ಣ ತುಂಬುತ್ತ ಹೋದಳು. ಕೊನೆಯ ಕಿಟಕಿಯ ಕೆಳಗೆ ಬ್ರಶ್ ಎಳೆದು ಮುಗಿಸಿದ್ದಳಷ್ಟೆ, ರುದ್ರವ್ವ ಬಂದು ಎದುರು ನಿಂತಳು.

"ಆತಿಲ್ಲೋ? ಅಲ್ಲಿ ಸುಡುಗಾಡದಾಗ ಇನ್ನೇನು ಹೊಗಿ ಏಳತದ. ಅದಕ್ಕ ಮೊದಲ ನಿನ್ನ ತಲಿಮ್ಯಾಗ ನೀರ್ ಬೀಳಬೇಕು. ಏಳು."

"ಹಸಿ ಉಂಟು ರುದ್ರಕ್ಕ. ಕೆಳಗೆ ಇಟ್ರೆ ಧೂಳು ಕೂರ್ತದೆ. ಸ್ವಲ್ಪ ತಡೀರಿ."

"ನೀರಿಗೆ ತಡಿ ಇಲ್ಲ."

ಖೋಲಿಯ ಮೂಲೆಯಲ್ಲಿ ಸ್ನಾನಕ್ಕೆ ಕಟ್ಟಿದ ಮೋರಿಯಲ್ಲಿ ಅವಳನ್ನು ಕೂರಿಸಿದರು. ಯಾರೋ ಹಣೆ ಒರೆಸಿದರು. ಮೊದಲ ಕೊಡ ತಲೆಯ ಮೇಲೆ ಬಿತ್ತು. ತಣ್ಣೀರು ಕೂದಲಿಂದ, ಕಣ್ಣಿಂದ, ಬಾಯಿಂದ ಇಳಿಯಿತು. ತುಟಿಯಿಂದ ಇಳಿದ ನೀರಿನಲ್ಲಿ ತೆಳ್ಳಗೆ ಕೆಂಪಿತ್ತು. ಸೇವಂತಿ ದನಿ ಎತ್ತಿ ಅಳುತ್ತಿದ್ದಳು, ಈ ಬಾರಿ ಅವನಿಗಾಗಿಯೇ. ಮೈಯೆಲ್ಲ ನಡುಗುತ್ತಿತ್ತು. ಬಲಗೈ ಮಾತ್ರ ಮೋರಿಯ ಕಟ್ಟೆಯಾಚೆ ನೆಟ್ಟಗೆ ಚಾಚಿಕೊಂಡಿತ್ತು, ಬೆರಳುಗಳ ತುದಿಯಲ್ಲಿ ಹಸಿ ಡಬ್ಬಿ.

ರುದ್ರವ್ವ ಆ ಕೈಯನ್ನು ನೋಡಿದಳು. ಎರಡನೆಯ ಕೊಡವನ್ನು ಎತ್ತಿ, ಒಂದು ಹೆಜ್ಜೆ ಸರಿದು ನಿಂತು, ಎಡಗಡೆಯಿಂದ ಸುರಿದಳು.